ಮನೆಗೆ ನಾಯಿಯನ್ನು ತರಬಹುದೆ?

ಲೋಕದಲ್ಲಿ ದೊಡ್ಡ ಪ್ರಶ್ನೆಗಳೆಂದು ಹೆಸರಾದವು ಕೆಲವಿವೆ: ಆತ್ಮವಿಚಾರ, ರಾಜ್ಯನೀತಿ, ದೈವ ಪುರುಷಕಾರಗಳ ಬಲಾಬಲ ಮೊದಲಾದುವು. ಅವುಗಳನ್ನು ಕುರಿತು ಬರೆಯುವವರಿಗೂ ಓದುವವರಿಗೂ ಕೊರತೆಯಿಲ್ಲ. ಆದರೆ ಗೃಹಸ್ಥನು ತನ್ನ ಜೀವಮಾನದಲ್ಲಿ ನಿಜವಾಗಿ ತೀರ್ಮಾನಿಸಬೇಕಾಗಿ ಬರುವ ಪ್ರಶ್ನೆಗಳು ಬಹುಮಟ್ಟಿಗೆ ಸಣ್ಣವು. ಅವೂ ಧರ್ಮದ ಪ್ರಶ್ನೆಗಳೇ ಎಂಬ ಅರಿವು ಅವನಿಗೆ ಎಷ್ಟೋ ವೇಳೆ ಆಗುವುದೇ ಇಲ್ಲ. ಮನೆಯಲ್ಲಿ ನಾಯಿಯೊಂದನ್ನು ಸಾಕಬೇಕೆ ಬೇಡವೆ ಎಂಬುದು ಅಂಥವುಗಳಲ್ಲೊಂದು. ಮಕ್ಕಳು ಬೇಡುವರು, ತಾಯಿ ಹಿಂದೆಗೆಯುವಳು, ತಂದೆ ‘ನೋಡೋಣ’ ಎನ್ನುವನು, ಅಜ್ಜಿ ಮಡಿಯ ಮಾತೆತ್ತುವಳು. ಇಷ್ಟರಲ್ಲಿ ಪರಿಚಯಸ್ಥರು ಯಾರೋ ಮರಿಯೊಂದನ್ನು ಬುಟ್ಟಿಯಲ್ಲಿಟ್ಟು ಕಳುಹಿಸಿದರೆಂದರೆ ವಾದವೆಲ್ಲ ಅಲ್ಲಿಗೆ ಮುಗಿಯಿತು. ಮರಿಯ ಕಣ್ಣುಗಳೇ ತೀರ್ಪು ಕೊಟ್ಟುಬಿಡುವುವು. ಹೀಗೆ ಆತುರದಲ್ಲಿ ತೀರ್ಮಾನವಾಗುವ ವಿಷಯವನ್ನು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ನಾಡಿನ ಮಾತಿನಲ್ಲಿ ನಾಯಿಗೆ ದೊರೆತಿರುವ ಸ್ಥಾನ ಗೌರವದ್ದೆಂದು ಹೇಳಲಾಗದು. ಹೀನಸ್ಥಿತಿಯನ್ನು ‘ನಾಯಿಪಾಡು’ ಎನ್ನುತ್ತೇವೆ. ತಿದ್ದಲಾಗದ ಸ್ವಭಾವಕ್ಕೆ ಅದರ ಬಾಲವನ್ನು ಉದಾಹರಿಸುತ್ತೇವೆ. ಧರ್ಮಶಾಸ್ತ್ರಗಳಲ್ಲಿ ಅದರ ಸ್ಪರ್ಶ ಅಶುಚಿ. ಆದರೆ ಅದೇ ಶಾಸ್ತ್ರಗಳು ಗೃಹಸ್ಥನಿಗೆ ವೈಶ್ವದೇವದ ಕಾಲದಲ್ಲಿ ನಾಯಿಗೂ ಕಾಗೆಗೂ ಕ್ರಿಮಿಗೂ ಅನ್ನವನ್ನು ಇಡತಕ್ಕದ್ದೆಂದು ವಿಧಿಸುತ್ತವೆ. ಎಸೆಯುವುದಲ್ಲ, ನೆಲದ ಮೇಲೆ ಮೆಲ್ಲನೆ ಇಡಬೇಕು ಎಂಬುದು ಮನುವಿನ ಮಾತು. ಆ ‘ಮೆಲ್ಲನೆ’ ಎಂಬ ಒಂದು ಪದದಲ್ಲಿ ಎಷ್ಟು ವಿವೇಚನೆಯಿದೆ! ಹತ್ತಿರ ಸೇರಿಸದಿದ್ದರೂ ಅಡ್ಡಿಯಿಲ್ಲ, ಹಸಿದಿರಬಿಡಬಾರದು, ಅವಮಾನಿಸಿ ಉಣಿಸಲೂ ಬಾರದು ಎಂಬುದು ಅದರ ತಾತ್ಪರ್ಯ. ಮತ್ತೊಂದು ಕಡೆ, ಭೈರವನ ವಾಹನವಾಗಿ ನಿಂತಿರುವುದೂ, ದತ್ತಾತ್ರೇಯನ ಕಾಲಬಳಿ ನಾಲ್ಕು ವೇದಗಳ ರೂಪವೆಂದು ಕುಳಿತಿರುವುದೂ ಈ ಪ್ರಾಣಿಯೇ. ಮೈಲಾರಲಿಂಗನ ಗೊರವರು ದೇವರೆದುರು ನಾಯಿಯಂತೆ ಬೊಗಳುವುದನ್ನು ಸೇವೆಯೆಂದು ಎಣಿಸುತ್ತಾರೆ. ತಿರಸ್ಕಾರ ಆದರಗಳೆರಡೂ ನಮ್ಮಲ್ಲಿ ಕೂಡಿಯೇ ಬೆಳೆದುಬಂದಿವೆ.

ಮಹಾಭಾರತದ ಕಥೆ ಆದಿಪರ್ವದಲ್ಲಿ ತೊಡಗುವಾಗಲೇ ಒಂದು ನಾಯಿಮರಿಯ ಅಳಲು ಕೇಳಿಬರುವುದನ್ನು ವಾಚಕರು ಬಲ್ಲರು. ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರವನ್ನು ನಡೆಸುತ್ತಿದ್ದಾಗ ದೇವಶುನಿಯಾದ ಸರಮೆಯ ಮರಿ ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಮರಿ ಹವಿಸ್ಸನ್ನು ನೆಕ್ಕಿರಲಿಲ್ಲ, ಅದರ ಕಡೆ ನೋಡಿಯೂ ಇರಲಿಲ್ಲ. ತಾಯಿ ಬಂದು, ತಪ್ಪು ಮಾಡದ ಮಗುವನ್ನು ಏಕೆ ಹೊಡೆದಿರೆಂದು ಕೇಳುತ್ತದೆ. ಅಷ್ಟು ಜನ ವಿದ್ವಾಂಸರೂ ಕ್ಷತ್ರಿಯರೂ ಇದ್ದ ಸಭೆಯಲ್ಲಿ ಉತ್ತರ ಕೊಡುವವರು ಒಬ್ಬರಿಲ್ಲ. ಕಾಣದ ಭಯ ನಿನಗೆ ಬಂದೊದಗಲಿ ಎಂದು ಸರಮೆ ಶಪಿಸಿದಾಗ ರಾಜನು ನಡುಗುತ್ತಾನೆ. ಗ್ರಂಥದ ತುದಿಗೆ, ಮಹಾಪ್ರಸ್ಥಾನದಲ್ಲಿ, ಇನ್ನೊಂದು ನಾಯಿ ಬರುತ್ತದೆ. ಹಸ್ತಿನಾವತಿಯಿಂದ ಹಿಂಬಾಲಿಸಿದ ಆ ನಾಯಿಯನ್ನು ಬಿಟ್ಟು ರಥವನ್ನೇರು ಎಂದು ಇಂದ್ರನೇ ಹೇಳಿದರೂ ಧರ್ಮರಾಯನು ಒಪ್ಪುವುದಿಲ್ಲ. ತಮ್ಮಂದಿರನ್ನೂ ದ್ರೌಪದಿಯನ್ನೂ ದಾರಿಯಲ್ಲಿ ಬಿಟ್ಟುಬಂದ ನಿನಗೆ ಈ ನಾಯಿಯೇನು ಹೆಚ್ಚು ಎಂಬ ಇಂದ್ರನ ಆಕ್ಷೇಪಕ್ಕೆ ಅವನು ಕೊಡುವ ಉತ್ತರ ಮನನಯೋಗ್ಯವಾದುದು. ಸತ್ತವರೊಡನೆ ಸಂಧಿಯೂ ಇಲ್ಲ, ವಿಗ್ರಹವೂ ಇಲ್ಲ. ಅವರು ಬದುಕಿದ್ದಾಗ ನಾನು ಅವರನ್ನು ಬಿಟ್ಟವನಲ್ಲ ಎನ್ನುತ್ತಾನೆ. ಅಂದರೆ, ಜೀವವಿರುವವರೆಗೆ ನಂಬಿದವರನ್ನು ಕೈಬಿಡಬಾರದು. ನಂಬಿದ್ದು ನಾಯಿಯಾದರೂ ಅಷ್ಟೇ.

ಈ ಕಥೆಯನ್ನು ನಾಯಿಯನ್ನು ಸಾಕುವವರು ತಮ್ಮ ಪಕ್ಷದ ಪ್ರಮಾಣವೆಂದು ಸಂತೋಷದಿಂದ ಹೇಳುವುದುಂಟು. ಆದರೆ ಸೂಕ್ಷ್ಮವಾಗಿ ನೋಡಿದರೆ ಧರ್ಮರಾಯನು ನಾಯಿಯನ್ನು ಸಾಕಿದವನಲ್ಲ. ಅವನು ಅದನ್ನು ಕರೆಯಲಿಲ್ಲ, ಕಟ್ಟಲಿಲ್ಲ, ಅದರಿಂದ ಏನನ್ನೂ ಅಪೇಕ್ಷಿಸಲಿಲ್ಲ. ಅದು ತಾನಾಗಿ ಹಿಂದೆ ಬಂದಿತು. ತಾನಾಗಿ ಬಂದುದನ್ನೇ ಸ್ವರ್ಗದ ಬೆಲೆ ತೆತ್ತಾದರೂ ಕೈಬಿಡಬಾರದಾದರೆ, ನಾವಾಗಿ ಕರೆತಂದುದನ್ನು ಕೈಬಿಡುವುದು ಹೇಗೆ? ಆರು ವಾರವೋ ಎಂಟು ವಾರವೋ ಆದ ಮರಿಯನ್ನು ತಾಯಿಯಿಂದ ಅಗಲಿಸಿ ತರುವವರು ನಾವು. ಅದರ ಸಮ್ಮತಿಯನ್ನು ಕೇಳುವವರಿಲ್ಲ. ಅದು ಎಲ್ಲಿ ಮಲಗಬೇಕು, ಏನನ್ನು ತಿನ್ನಬೇಕು, ಯಾವಾಗ ಹೊರಗೆ ಹೋಗಬೇಕು, ಸಂತಾನವನ್ನು ಪಡೆಯಬೇಕೆ ಬಾರದೆ ಎಂಬುದನ್ನೆಲ್ಲ ನಿರ್ಣಯಿಸುವವರೂ ನಾವೇ. ಇಷ್ಟು ಪೂರ್ಣವಾದ ಅಧಿಕಾರ ನಮ್ಮ ಕಾಲದಲ್ಲಿ ಒಬ್ಬ ಮನುಷ್ಯನಿಗೆ ಮತ್ತೊಬ್ಬನ ಮೇಲೆ ಇಲ್ಲ. ಅಧಿಕಾರ ಪೂರ್ಣವಾದಲ್ಲಿ ಹೊಣೆಯೂ ಪೂರ್ಣವಾಗಬೇಕೆಂಬುದು ನ್ಯಾಯ.

ಇಲ್ಲಿ ಒಂದು ಪೂರ್ವಪಕ್ಷ ಬರುವುದು. “ಇದೇನು ದೊಡ್ಡ ಮಾತು! ನಾಯಿ ಮನೆಯನ್ನು ಕಾಯುತ್ತದೆ, ನಾವು ಅನ್ನ ಹಾಕುತ್ತೇವೆ. ಕೊಟ್ಟುದಕ್ಕೆ ಪಡೆದುದು ಸರಿಹೋಯಿತು” ಎಂದು ಕೆಲವರು ಹೇಳುವರು. ಒಪ್ಪಂದವೆಂದರೆ ಎರಡು ಪಕ್ಷಕ್ಕೂ ಒಲ್ಲೆನೆನ್ನುವ ಅವಕಾಶವಿರಬೇಕು. ಕೊರಳಪಟ್ಟಿಯನ್ನು ಧರಿಸಿದ ಪಕ್ಷಕ್ಕೆ ಅದಿಲ್ಲ. ಅಲ್ಲದೆ ಕಾವಲಿನ ಕೂಲಿಯೇ ಅನ್ನವಾದರೆ, ಮುದಿಯಾಗಿ ಕಿವಿ ಮಂದವಾದ ದಿನ ಅನ್ನವೂ ನಿಲ್ಲಬೇಕಾಗುತ್ತದೆ. ಹಾಗೆ ನಿಲ್ಲಿಸಬಹುದೆ ಎಂದು ಕೇಳಿದರೆ ಈ ವಾದವನ್ನು ಹೂಡಿದವರೇ “ಛೆ, ಅದು ಹೇಗಾದೀತು!” ಎನ್ನುವರು. ಆ ಉದ್ಗಾರವೇ ಸಾಕು. ಸಂಬಂಧ ವ್ಯಾಪಾರದ್ದಲ್ಲವೆಂದು ಅವರ ಹೃದಯವೇ ಒಪ್ಪಿಕೊಂಡಂತಾಯಿತು.

ಈ ಸಂಬಂಧ ಮೊದಲಿನಿಂದಲೂ ಬರಿಯ ಉಪಯೋಗದ್ದಾಗಿರಲಿಲ್ಲ ಎಂಬುದಕ್ಕೆ ನೆಲದೊಳಗಿನ ಸಾಕ್ಷ್ಯವೂ ಉಂಟು. ಜರ್ಮನಿ ದೇಶದ ಬಾನ್ ನಗರದ ಬಳಿ ಓಬರ್‌ಕಾಸೆಲ್ ಎಂಬಲ್ಲಿ ೧೯೧೪ರಲ್ಲಿ ಸುಮಾರು ೧೪,೦೦೦ ವರ್ಷಗಳಷ್ಟು ಹಳೆಯ ಸಮಾಧಿಯೊಂದು ದೊರೆಯಿತು. ಅದರಲ್ಲಿ ಒಬ್ಬ ಪುರುಷ, ಒಬ್ಬ ಸ್ತ್ರೀ, ಅವರೊಡನೆ ಎಳೆಯ ನಾಯಿಯೊಂದು. ೨೦೧೮ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ನಾಯಿಯ ಹಲ್ಲುಗಳ ಮೇಲೆ ಕಠಿಣರೋಗದ ಗುರುತುಗಳು ಕಂಡುವು. ಅದು ವಾರಗಟ್ಟಲೆ ನರಳಿತ್ತೆಂದೂ ಮನುಷ್ಯರ ಶುಶ್ರೂಷೆಯಿಲ್ಲದೆ ಅಷ್ಟು ಕಾಲ ಬದುಕಿರಲಾರದೆಂದೂ ವಿದ್ವಾಂಸರು ತರ್ಕಿಸಿದ್ದಾರೆ. ಆ ವಾರಗಳಲ್ಲಿ ಅದು ಬೇಟೆಗೂ ಬಾರದು, ಕಾವಲಿಗೂ ಬಾರದು. ಬೇಸಾಯವನ್ನು ಕೂಡ ಅರಿಯದ ಜನ, ಪ್ರಯೋಜನಕ್ಕೆ ಬಾರದ ಮರಿಯೊಂದರ ಬಾಯಿಗೆ ನೀರು ಬಿಟ್ಟಿದ್ದರು!

ನಮ್ಮ ಕನ್ನಡನಾಡಿನ ಸಾಕ್ಷ್ಯ ಇದಕ್ಕಿಂತ ಸ್ಪಷ್ಟವಾದುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯದಲ್ಲಿರುವ ಶಿಲಾಶಾಸನ ಶಕ ೮೭೨ನೆಯ ವರ್ಷದ್ದು. ಎಂದರೆ ಕ್ರಿಸ್ತಶಕ ೯೪೯–೫೦. ತಕ್ಕೋಲದ ಯುದ್ಧದಲ್ಲಿ ಮಣಲೇರನೆಂಬ ವೀರನು ತೋರಿದ ಪರಾಕ್ರಮಕ್ಕೆ ಮೆಚ್ಚಿ ಗಂಗರ ಬೂತುಗನು ಬೇಡಿದುದನ್ನು ಕೊಡುವೆನೆಂದಾಗ, ಮಣಲೇರನು ಕೇಳಿದ್ದು ದೊರೆಯ ಕಾಳಿಯೆಂಬ ನಾಯಿಯನ್ನು. ಆ ಕಾಳಿ ಬೆಟ್ಟದಲ್ಲಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಒಡನೆ ಸತ್ತಿತು. ಮಣಲೇರನು ಅದಕ್ಕಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗೊರವನು ಉಂಡರೆ ಪಾಪವೆಂದು ಬರೆಯಿಸಿದನು. ನಾಯಿಯನ್ನು ಹಂದಿಯ ಮೇಲೆ ಬಿಟ್ಟುದೇ ಕ್ರೌರ್ಯವಲ್ಲವೆ ಎಂದು ಈ ಕಾಲದವರು ಕೇಳಬಹುದು. ಆದರೆ ತಾನೂ ಅಂಥ ಮರಣವನ್ನೇ ಪುಣ್ಯವೆಂದು ನಂಬಿದ ಕಾಲದ ವೀರನು, ತನಗೆ ಯಾವ ಗೌರವವನ್ನು ಬಯಸುತ್ತಿದ್ದನೋ ಅದನ್ನೇ ತನ್ನ ನಾಯಿಗೂ ಸಲ್ಲಿಸಿದನು ಎಂಬುದನ್ನು ಮರೆಯಬಾರದು. ತನಗೊಂದು ಅಳತೆ, ತನ್ನನ್ನು ನಂಬಿದುದಕ್ಕೊಂದು ಅಳತೆ ಎಂಬ ಭೇದ ಅವನಲ್ಲಿರಲಿಲ್ಲ.

ಮಣಲೇರನ ಕಾಲ ಹೋಯಿತು. ಇಂದಿನ ಗೃಹಸ್ಥನು ಕಲ್ಲು ನಿಲ್ಲಿಸಬೇಕಾದುದಿಲ್ಲ. ಅವನ ಹೊಣೆ ಬೇರೆ ರೀತಿಯದು. ಅದರಲ್ಲಿ ವೀರತ್ವಕ್ಕೆ ಎಡೆಯಿಲ್ಲ, ನಿತ್ಯತ್ವಕ್ಕೆ ಮಾತ್ರ ಎಡೆ. ನಾಯಿಯ ಆಯುಸ್ಸು ಸಾಮಾನ್ಯವಾಗಿ ೧೦ರಿಂದ ೧೩ ವರ್ಷ. ೧೨ ವರ್ಷವೆಂದು ಹಿಡಿದರೆ ೪,೩೮೦ ದಿನ; ದಿನಕ್ಕೆರಡು ಹೊತ್ತಿನಂತೆ ೮,೭೬೦ ಸಲ ಅದರ ತಟ್ಟೆ ತುಂಬಬೇಕು. ಅದರಲ್ಲಿ ಹಬ್ಬದ ದಿನಗಳುಂಟು, ಸೂತಕದ ದಿನಗಳುಂಟು, ಮನೆಮಂದಿಯೆಲ್ಲ ಜ್ವರದಲ್ಲಿ ಮಲಗಿದ ದಿನಗಳುಂಟು, ಮದುವೆಗೆಂದು ಪರಸ್ಥಳಕ್ಕೆ ಹೋಗಬೇಕಾದ ದಿನಗಳುಂಟು. ನಾವು ಉಳಿಸಿದುದನ್ನು ಸುರಿದರೆ ತೀರಿತೆನ್ನುವಂತೆಯೂ ಇಲ್ಲ. ನಮಗೆ ರುಚಿಯಾದ ಈರುಳ್ಳಿ, ದ್ರಾಕ್ಷಿ, ಚಾಕೊಲೇಟುಗಳು ಅದಕ್ಕೆ ವಿಷಪ್ರಾಯ. ಅನ್ನಕ್ಕಿಂತ ಹೆಚ್ಚಾಗಿ ಅದು ಬಯಸುವುದು ಸಹವಾಸವನ್ನು. ಹಿಂಡಿನಲ್ಲಿ ಬದುಕುವ ಜಾತಿಗೆ ಏಕಾಂತ ಶಿಕ್ಷೆಯೇ ಸರಿ. ಬೆಳಿಗ್ಗೆ ಬೀಗ ಹಾಕಿ ಎಲ್ಲರೂ ಹೊರಟು ಸಂಜೆ ಹಿಂದಿರುಗುವ ಮನೆಯಲ್ಲಿ ಸರಪಣಿಗೆ ಕಟ್ಟಿದ ನಾಯಿ ದಿನವೆಲ್ಲ ಬೊಗಳಿದರೆ ನೆರೆಯವರು ಅದನ್ನು ಬೈಯುವರು. ಅದಾದರೂ ತನಗೆ ತಿಳಿದ ಒಂದೇ ಭಾಷೆಯಲ್ಲಿ ದೂರು ಸಲ್ಲಿಸುತ್ತಿರುತ್ತದೆ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಅಡ್ಡಾಟವನ್ನು ಮಾಡಿಸದಿರುವುದೂ, ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದೂ ೧೯೬೦ರ ಪ್ರಾಣಿಹಿಂಸಾ ನಿವಾರಣ ಕಾನೂನಿನ ಪ್ರಕಾರ ಅಪರಾಧಗಳು. ಕಾನೂನು ಹೇಳಿದ ಮೇಲೆ ತಿಳಿಯಬೇಕಾದ ವಿಷಯವೇನೂ ಇದಲ್ಲ.

ಈ ಕೆಲಸವೆಲ್ಲ ಯಾರದು? ವಿಚಾರ ನಿಜವಾಗಿ ಕಠಿಣವಾಗುವುದು ಇಲ್ಲಿ. “ಅಪ್ಪಾ, ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ” ಎಂದು ಎಂಟು ವರ್ಷದ ಮಗು ಆಣೆಯಿಡುವುದು. ಆ ಮಾತಿನಲ್ಲಿ ಕಪಟವಿಲ್ಲ. ಆದರೆ ಹನ್ನೆರಡು ವರ್ಷದ ಮಾತನ್ನು ಎಂಟು ವರ್ಷದ ಬಾಯಿಂದ ತೆಗೆದುಕೊಳ್ಳುವುದು ದೊಡ್ಡವರ ತಪ್ಪು. ನಾಯಿಗೆ ಮುಪ್ಪು ಬರುವ ವೇಳೆಗೆ ಆ ಮಗು ಇಪ್ಪತ್ತರ ಪ್ರಾಯಕ್ಕೆ ಬಂದು ಓದಿಗಾಗಿ ಬೇರೆ ಊರಿನಲ್ಲಿರುವುದು. ಆಗ ಕೆಲಸ ಯಾರ ಪಾಲಿಗೆ ಬರುವುದೆಂಬುದನ್ನು ನಮ್ಮ ಮನೆಗಳ ರೀತಿಯನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ. ಹತ್ತು ಜನರ ಊಟೋಪಚಾರವನ್ನು ನೋಡುವ ತಾಯಿಗೆ ಹನ್ನೊಂದನೆಯ ತಟ್ಟೆಯೂ ಸೇರುತ್ತದೆ. ದಾನ ಮಾಡಿದವರು ಒಬ್ಬರು, ದುಡಿದವರು ಇನ್ನೊಬ್ಬರು. ಒಬ್ಬರ ದಯೆಯ ವೆಚ್ಚವನ್ನು ಮತ್ತೊಬ್ಬರ ಲೆಕ್ಕಕ್ಕೆ ಬರೆಯುವುದು ದಯೆಯಾಗಲಾರದು. ಆದುದರಿಂದ, ಬೇಕೆಂಬವರ ಸಂಖ್ಯೆಯನ್ನು ಎಣಿಸುವುದಕ್ಕಿಂತ, ದುಡಿಯಬೇಕಾದವರ ಸಮ್ಮತಿಯನ್ನು ಮೊದಲು ಕೇಳತಕ್ಕದ್ದು. ಅಜ್ಜಿಯ ಮಡಿಯ ಮಾತನ್ನೂ ಹಳೆಯ ಕಾಲದ್ದೆಂದು ನಕ್ಕು ತಳ್ಳಿಬಿಡಲಾಗದು. ಮನೆ ಆಕೆಯದೂ ಹೌದು. ತನ್ನ ನಿಯಮವನ್ನು ತನ್ನ ಮನೆಯಲ್ಲಿ ನಡೆಸಿಕೊಂಡು ಬಾಳುವ ಹಕ್ಕು ವೃದ್ಧರಿಗೆ ಉಂಟು. ಪಡಸಾಲೆಯ ಈಚೆ ನಾಯಿ, ಆಚೆ ದೇವರಮನೆ ಎಂಬ ಎಲ್ಲೆಯನ್ನು ಎಷ್ಟೋ ಮನೆಗಳಲ್ಲಿ ನಾಯಿಗಳೇ ಕಲಿತು ನಡೆಸುತ್ತವೆ. ಎಲ್ಲೆಯನ್ನು ಹಾಕುವ ಸೌಜನ್ಯ ಮಾತ್ರ ಮನುಷ್ಯರಲ್ಲಿರಬೇಕು.

ಹೊಣೆ ಮನೆಯ ಹೊಸ್ತಿಲಿಗೇ ಮುಗಿಯುವುದಿಲ್ಲ. ಹುಚ್ಚುನಾಯಿ ರೋಗದಿಂದ ಲೋಕದಲ್ಲಿ ವರ್ಷಕ್ಕೆ ಸುಮಾರು ೫೯,೦೦೦ ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಬಹು ದೊಡ್ಡ ಪಾಲು ನಮ್ಮ ದೇಶದ್ದು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಆದರೆ ಇದು ತಡೆಯಲಾಗದ ರೋಗವಲ್ಲ. ಪ್ಯಾರಿಸ್ಸಿನಲ್ಲಿ ಲೂಯಿ ಪಾಸ್ತರನು ಕಚ್ಚಿಸಿಕೊಂಡ ಬಾಲಕನಿಗೆ ಮೊದಲು ಚುಚ್ಚುಮದ್ದನ್ನು ಕೊಡಿಸಿದ್ದು ೧೮೮೫ರಲ್ಲಿ. ದಕ್ಷಿಣ ಭಾರತಕ್ಕಾಗಿ ಕೂನೂರಿನಲ್ಲಿ ಪಾಸ್ತರ್ ಸಂಸ್ಥೆ ಸ್ಥಾಪಿತವಾದದ್ದು ೧೯೦೭ರಲ್ಲಿ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆ ಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷವೂ ಮರುಲಸಿಕೆ. ಕಚ್ಚಿದ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗುವುದು: ಇಷ್ಟು ವಿಧಿಗಳನ್ನು ನಡೆಸಿದರೆ ಆ ಭಯ ದೂರವಾಗುತ್ತದೆ. ಇದನ್ನು ಬಿಟ್ಟವನು ತನ್ನ ನಾಯಿಯ ಅಪಾಯವನ್ನು ಬೀದಿಯ ಮಕ್ಕಳ ಮೇಲೆ ಹೊರಿಸಿದವನಾಗುವನು. ‘ನಮ್ಮ ನಾಯಿ ಏನೂ ಮಾಡುವುದಿಲ್ಲ’ ಎಂಬುದು ಒಡೆಯನಿಗೆ ಮಾತ್ರ ತಿಳಿದ ರಹಸ್ಯ. ಬೆದರಿದ ದಾರಿಗನಿಗೆ ಅದನ್ನು ನಂಬಬೇಕೆಂಬ ಕಟ್ಟಳೆಯಿಲ್ಲ.

ಇನ್ನು ಯಾವ ನಾಯಿಯೆಂಬ ಪ್ರಶ್ನೆ. ಇದು ಮೇಲುನೋಟಕ್ಕೆ ಅಭಿರುಚಿಯ ವಿಷಯವೆಂದು ತೋರಿದರೂ ಇದರಲ್ಲಿಯೂ ಧರ್ಮಾಧರ್ಮಗಳಿವೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕಿಯೇ ಅದು ಸೆಕೆಯನ್ನು ಕಳೆಯಬೇಕು. ಹಿಮದ ನಾಡಿಗಾಗಿ ದಟ್ಟವಾದ ತುಪ್ಪುಳನ್ನು ಹೊತ್ತು ಹುಟ್ಟಿದ ಜಾತಿಯನ್ನು ಕಲಬುರಗಿ ರಾಯಚೂರುಗಳ ಬೇಸಗೆಯಲ್ಲಿ ಅಂದಕ್ಕೆಂದು ನಿಲ್ಲಿಸುವುದೂ, ಚಪ್ಪಟೆ ಮೋರೆ ಮುದ್ದೆಂದು ಉಸಿರಾಟಕ್ಕೇ ಕಷ್ಟಪಡುವಂತೆ ತಳಿಯನ್ನು ತಿದ್ದುವುದೂ ಪ್ರೀತಿಯ ಕಾರ್ಯಗಳಲ್ಲ. ನಮ್ಮ ಬಾಗಲಕೋಟೆ ಸೀಮೆಯ ಮುಧೋಳದ ನಾಯಿಯಾದರೂ ಎಲ್ಲರಿಗೂ ತಕ್ಕುದಲ್ಲ. ಘೋರ್ಪಡೆ ಅರಸರು ಪೋಷಿಸಿದ ಈ ತಳಿಯ ಚಿತ್ರ ೨೦೦೫ರಲ್ಲಿ ಅಂಚೆಚೀಟಿಯ ಮೇಲೆ ಬಂದುದು ನಮಗೆಲ್ಲ ಹೆಮ್ಮೆಯೇ. ಆದರೆ ಅದು ಬಯಲಿನಲ್ಲಿ ಕಣ್ಣಿಟ್ಟ ಬೇಟೆಯನ್ನು ಓಡಿ ಹಿಡಿಯಲೆಂದು ಬೆಳೆದ ಪ್ರಾಣಿ. ಅದನ್ನು ಮೂರನೆಯ ಉಪ್ಪರಿಗೆಯ ಎರಡು ಕೋಣೆಗಳಲ್ಲಿ ಕೂಡಿಡುವುದು ನಾಡಪ್ರೇಮದ ಲಕ್ಷಣವಲ್ಲ. ಬೀದಿಯಲ್ಲಿ ಹುಟ್ಟಿದ, ನಮ್ಮ ಬಿಸಿಲು ಮಳೆಗಳಿಗೆ ಹೊಂದಿದ, ಬೆಲೆಯಿಲ್ಲದೆ ಬರುವ ಮರಿಯನ್ನು ತರಲು ನಾಚುವವರು ತಮ್ಮನ್ನೇ ಒಮ್ಮೆ ಕೇಳಿಕೊಳ್ಳಲಿ: ತಮಗೆ ಬೇಕಾದುದು ಸಂಗಾತಿಯೆ, ಅಥವಾ ಬಂದವರಿಗೆ ತೋರಿಸುವ ವಸ್ತುವೆ?

ಕಡೆಯದಾಗಿ ಮರಣದ ಮಾತು. ಅಮಂಗಳವೆಂದು ಇದನ್ನು ಬಿಡಲಾಗದು. ಏಕೆಂದರೆ ನಾಯಿಯನ್ನು ತಂದವನು ಬಹುಮಟ್ಟಿಗೆ ಅದರ ಸಾವನ್ನು ಕಣ್ಣಾರೆ ಕಾಣಬೇಕು. ಮುಪ್ಪಿನಲ್ಲಿ ಅದು ಕುರುಡಾಗಬಹುದು, ಮಲಗಿದಲ್ಲೇ ಹೊಲಸು ಮಾಡಬಹುದು. ವೈದ್ಯರು ನೋವಿಲ್ಲದ ಮರಣವನ್ನು ಸೂಚಿಸಬಹುದು. ಆಗ ಅಹಿಂಸೆಯನ್ನು ನಂಬಿದ ಮನೆಯಲ್ಲಿ ಮನಸ್ಸು ಎರಡಾಗುವುದು ಸಹಜ. ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇದಕ್ಕೆ ಇಲ್ಲ. ಆದರೆ ಒಂದು ಪರೀಕ್ಷೆಯುಂಟು: ಮುಗಿಸಬೇಕೆಂದು ನಾವು ಬಯಸುತ್ತಿರುವುದು ಅದರ ನೋವನ್ನೊ, ನಮ್ಮ ಬೇಸರವನ್ನೊ? ನೋವನ್ನಾದರೆ ಆ ನಿರ್ಣಯದಲ್ಲಿ ಕರುಣೆಯಿರಬಹುದು. ಬೇಸರವನ್ನಾದರೆ ಎಂಥ ಸೌಮ್ಯವಾದ ಔಷಧವೂ ಅದನ್ನು ಶುದ್ಧಿಮಾಡದು. ಎರಡರಲ್ಲಿ ಯಾವುದಾದರೂ ಆ ಗಳಿಗೆಯಲ್ಲಿ ತಲೆಯ ಮೇಲೆ ಕೈಯಿಟ್ಟು ಪಕ್ಕದಲ್ಲಿರುವುದು ಸಾಕಿದವನ ಕರ್ತವ್ಯ. ಊರಾಚೆ ಬಿಟ್ಟುಬರುವ ಪದ್ಧತಿಯಂತೂ ಕೊಲೆಗಿಂತ ಹೀನವಾದುದು. ಬಿಟ್ಟವನು ಬೆನ್ನು ತಿರುಗಿಸಿದ ಮೇಲೂ ಅದು ಆ ದಾರಿಯನ್ನೇ ನೋಡುತ್ತಿರುತ್ತದೆ.

ಇಷ್ಟನ್ನೆಲ್ಲ ಕೇಳಿದ ವಾಚಕರು, “ಹಾಗಾದರೆ ಸಾಕದಿರುವುದೇ ಲೇಸು, ಕೈಗೆ ಕೆಸರೇ ತಾಗದಿದ್ದರೆ ತೊಳೆಯುವ ಕಷ್ಟವೂ ಇಲ್ಲ” ಎನ್ನಬಹುದು. ಇದು ಎರಡನೆಯ ಪೂರ್ವಪಕ್ಷ; ಮೊದಲಿನದಕ್ಕಿಂತ ಬಲವಾದುದು. ಇಲ್ಲೊಂದು ವೈಷಮ್ಯವಿರುವುದು ನಿಜ: ನಾಯಿಯನ್ನು ತಾರದವನಿಗೆ ದೋಷವಿಲ್ಲ, ತಂದು ಬಿಟ್ಟವನಿಗೆ ದೋಷವುಂಟು. ಆದರೆ ದೋಷವನ್ನು ತಪ್ಪಿಸಿಕೊಳ್ಳುವುದೇ ಬಾಳಿನ ಗುರಿಯಾದರೆ ಯಾರೂ ಮದುವೆಯಾಗಬೇಕಾದುದಿಲ್ಲ, ಮಕ್ಕಳನ್ನು ಪಡೆಯಬೇಕಾದುದಿಲ್ಲ, ಅತಿಥಿಗೆ ಬಾಗಿಲು ತೆರೆಯಬೇಕಾದುದಿಲ್ಲ. ಹೊಣೆಗೆ ಅಂಜಿ ಹೃದಯವನ್ನು ಮುಚ್ಚಿಟ್ಟವನ ಮನೆಯಲ್ಲಿ ತಪ್ಪುಗಳು ಕಡಿಮೆ, ಬೆಳಕೂ ಕಡಿಮೆ. ಮಾತು ಬಾರದ ಜೀವಿಯ ಮನಸ್ಸನ್ನು ಅದರ ಕಿವಿ ಬಾಲಗಳಿಂದ ಓದಲು ಕಲಿತ ಮಗುವಿಗೆ, ಮುಂದೆ ಮಾತು ಬಂದರೂ ಹೇಳಿಕೊಳ್ಳಲಾರದ ಮನುಷ್ಯರ ಮನಸ್ಸನ್ನು ಓದುವುದು ಸುಲಭವಾಗಬಹುದು. ತನ್ನ ಹಸಿವಿಗೆ ಮೊದಲು ಮತ್ತೊಂದರ ಹಸಿವನ್ನು ನೆನೆಯುವ ಅಭ್ಯಾಸ ಪುಸ್ತಕದಿಂದ ಬರುವುದು ಕಷ್ಟ. ನಾಯಿ ನಮ್ಮಲ್ಲಿ ಅಂತಸ್ತನ್ನು ನೋಡುವುದಿಲ್ಲ. ಕೆಲಸದಿಂದ ನಿವೃತ್ತನಾಗಿ ಜನ ಮರೆತ ಮುದುಕನನ್ನೂ ಅದು ಮೊದಲಿನ ಸಂಭ್ರಮದಿಂದಲೇ ಬಾಗಿಲಲ್ಲಿ ಎದುರುಗೊಳ್ಳುವುದು. ಇವೆಲ್ಲ ಅಲ್ಪಲಾಭಗಳಲ್ಲ.

ಆದುದರಿಂದ ಸಿದ್ಧಾಂತವನ್ನು ಹೀಗೆ ಹೇಳಬಹುದು. ನಾಯಿಯನ್ನು ತರುವುದು ವಸ್ತುವನ್ನು ಕೊಳ್ಳುವಂತಲ್ಲ, ವ್ರತವನ್ನು ಹಿಡಿಯುವಂತೆ. ವ್ರತವನ್ನು ಹಿಡಿಯುವವನು ಶಕ್ತಿಯನ್ನು ನೋಡಿಕೊಳ್ಳುತ್ತಾನೆ, ಮನೆಯವರನ್ನು ಕೇಳುತ್ತಾನೆ, ಎಷ್ಟು ಕಾಲವೆಂಬುದನ್ನು ಎಣಿಸುತ್ತಾನೆ, ನಡುವೆ ಬಿಡುವುದಿಲ್ಲವೆಂದು ಸಂಕಲ್ಪಿಸುತ್ತಾನೆ. ಮನೆಯಲ್ಲಿ ಹಗಲು ಯಾರಾದರೂ ಇರುವರೆ, ಓಡಾಡಲು ಎಡೆಯಿದೆಯೆ, ವೈದ್ಯಕ್ಕೆ ಹಣವುಂಟೆ, ವರ್ಗವಾದರೆ ಒಡನೆ ಕರೆದೊಯ್ಯುವೆವೆ, ದುಡಿಯುವವರು ಮನಃಪೂರ್ವಕವಾಗಿ ಒಪ್ಪಿರುವರೆ ಎಂಬ ಐದು ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದ ಮನೆ ಧಾರಾಳವಾಗಿ ನಾಯಿಯನ್ನು ತರಲಿ. ಒಂದಕ್ಕೆ ಅಲ್ಲವೆಂದು ಬಂದರೂ ಸದ್ಯಕ್ಕೆ ತಡೆಯುವುದು ವಿವೇಕ. ಹಾಗೆ ತಡೆದವರು ನಾಯಿಗಳ ವಿಷಯದಲ್ಲಿ ಮಾಡಬೇಕಾದುದು ಏನೂ ಇಲ್ಲವೆಂದು ತಿಳಿಯಬಾರದು. ಬೇಸಗೆಯಲ್ಲಿ ಬಾಗಿಲ ಬಳಿ ಒಂದು ಬೋಗುಣಿ ನೀರು, ಕೇರಿಯ ನಾಯಿಗಳಿಗೆ ಲಸಿಕೆಯನ್ನೂ ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸಲು ಬರುವವರಿಗೆ ಸಹಾಯ, ನೆರೆಯವರಿಗೆ ತೊಂದರೆಯಾಗದ ಸ್ಥಳದಲ್ಲಿ ಒಂದು ಹಿಡಿ ಅನ್ನ: ಇವು ಯಾವ ಮನೆಗೂ ಭಾರವಾಗವು. ಆ ಅನ್ನವನ್ನು ಎಸೆಯದೆ, ಹಿರಿಯರು ಹೇಳಿದಂತೆ ಮೆಲ್ಲನೆ ಇಟ್ಟರೆ, ನಾಯಿಯಿಲ್ಲದ ಮನೆಯೂ ನಾಯಿಗೆ ಸಲ್ಲತಕ್ಕುದನ್ನು ಸಲ್ಲಿಸಿದಂತಾಗುವುದು.